ಧ್ವನಿಗೆ ವಿಧೇಯವಾದ ಗಣಕ: ಒಂದು ಚಾರಿತ್ರಿಕ ಅವಲೋಕನ

ಶಿರಸಿ ತಾಲೂಕಿನ ವಾನಳ್ಳಿಯ ಸುತ್ತಿನಿಂದ ಯಲ್ಲಾಪುರ, ಸಿದ್ದಾಪುರಗಳ ವರೆಗೆ ಹಬ್ಬಿರುವ ಸೀಮೆ ಅಡಕೆ ತೋಟಗಳ ಸೀಮೆ. ಕೊನೆ ಕೊಯ್ಯುವುದಕ್ಕೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ಇಲ್ಲಿ ಕೊನೆಗೌಡರು 50 ಅಡಿ ಎತ್ತರದ ಮರಗಳನ್ನು ಏರುತ್ತಾರೆ. ಸಿಂಪಡಿಸುವ ಕಾಲ ಮಳೆಗಾಲವೇ ಆದುದರಿಂದ ಮರ ಜಾರುತ್ತಿರುತ್ತದೆ. ಮರದಿಂದ ಬಿದ್ದವರಲ್ಲಿ ಬೆನ್ನುಹುರಿಗೆ ಪೆಟ್ಟಾದವರುಂಟು. ಪೆಟ್ಟು ಕುತ್ತಿಗೆಯ ಭಾಗದಲ್ಲಾದರೆ ಕಾಲುಗಳೊಡನೆ ಕೈಗಳ ಸ್ವಾಧೀನವೂ ತಪ್ಪುತ್ತದೆ. ಬುದ್ಧಿಯೂ ಮಾತೂ ಉಳಿಯುತ್ತವೆ. ಹೀಗೆ ಮಾತೊಂದನ್ನೇ ಉಳಿಸಿಕೊಂಡವರು ಆ ಮಾತಿನಿಂದಲೇ ಗಣಕಯಂತ್ರವನ್ನು ನಡೆಸಿ ಓದುವುದು, ಬರೆಯುವುದು, ಲೆಕ್ಕ ಇಡುವುದು ಸಾಧ್ಯವೆ? ಸಾಧ್ಯವಾದರೆ ಅಂಥ ಯಂತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳನ್ನು ಇತಿಹಾಸದ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹೇಳುವವನೊಬ್ಬ, ಬರೆಯುವವನೊಬ್ಬ ಎಂಬ ಏರ್ಪಾಡು ನಮಗೆ ಹೊಸದಲ್ಲ. ಮಹಾಭಾರತವನ್ನು ಬರೆದುಕೊಳ್ಳಲು ಗಣಪತಿ ಒಪ್ಪಿದುದು, ವ್ಯಾಸರು ಎಲ್ಲಿಯೂ ನಿಲ್ಲಿಸದೆ ಹೇಳಬೇಕೆಂಬ ಕರಾರಿನ ಮೇಲೆ; ವ್ಯಾಸರು ಪ್ರತಿಯಾಗಿ ಹಾಕಿದ ಕರಾರು, ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯಬಾರದೆಂಬುದು. ಈ ಎರಡು ಕರಾರುಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇವು ಬೇಕಾಗುತ್ತವೆ. ಇತ್ತೀಚಿನ ಕಾಲದಲ್ಲಿ ಶಿವರಾಮ ಕಾರಂತರು ಹೇಳಿ ಬರೆಸಿದ ಕೃತಿಗಳಿಗೆ ಮಾಲಿನಿ ಮಲ್ಯ ಅವರು ಲಿಪಿಕಾರರಾಗಿದ್ದುದು ಕನ್ನಡಿಗರಿಗೆ ತಿಳಿದ ವಿಷಯ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯೂ ಪರೀಕ್ಷೆಗಳಲ್ಲಿ ಲಿಪಿಕಾರರ ನೆರವನ್ನು ಒಪ್ಪಿಕೊಂಡಿದೆ. ಕಾಲೇಜು ಅಧ್ಯಾಪಕರಲ್ಲಿ ಅನೇಕರು ಇದನ್ನು ತಮ್ಮ ಕೊಠಡಿಗಳಲ್ಲಿಯೇ ಕಂಡಿರಬಹುದು. ಒಳ್ಳೆಯ ಲಿಪಿಕಾರನು ಕೇಳಿಸದುದನ್ನು ತಿರುಗಿ ಕೇಳುತ್ತಾನೆ. ಆದರೆ ಅವನಿಗೂ ತನ್ನ ಹೊತ್ತು ಉಂಟು, ಕೆಲಸ ಉಂಟು. ಖಾಸಗಿ ಪತ್ರವೊಂದನ್ನು ಬರೆಯುವುದಕ್ಕೂ ಮತ್ತೊಬ್ಬರ ಎದುರಿನಲ್ಲಿ ಬಾಯಿ ಬಿಡಬೇಕಾದವನ ಸಂಕೋಚವನ್ನು ಯಾವ ಕಾಯಿದೆಯೂ ನೀಗಿಸಲಾರದು. ಯಂತ್ರದ ಅಪೇಕ್ಷೆ ಹುಟ್ಟಿದುದು ಇಲ್ಲಿಂದ.

ಧ್ವನಿಯನ್ನು ಗುರುತಿಸುವ ಯಂತ್ರಗಳ ಚರಿತ್ರೆ 1952ರಿಂದ ಮೊದಲಾಗುತ್ತದೆಂದು ಹೇಳುವುದು ವಾಡಿಕೆ. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದ ‘ಆಡ್ರೆ’ ಎಂಬ ಯಂತ್ರ, ತನಗೆ ಪರಿಚಿತವಾದ ಕಂಠದಲ್ಲಿ ನುಡಿದ ಅಂಕಿಗಳನ್ನಷ್ಟೆ ಗುರುತಿಸುತ್ತಿತ್ತು. 1962ರಲ್ಲಿ ಐ.ಬಿ.ಎಂ. ಸಂಸ್ಥೆ ಸಿಯಾಟಲ್ ನಗರದ ಜಾಗತಿಕ ಪ್ರದರ್ಶನದಲ್ಲಿ ತೋರಿಸಿದ ‘ಶೂಬಾಕ್ಸ್’ಗೆ 16 ಪದಗಳು ತಿಳಿದಿದ್ದವು. ಇವು ಯಾವುವೂ ವಿಕಲಾಂಗರಿಗಾಗಿ ಹುಟ್ಟಿದವುಗಳಲ್ಲ. ಅವರಿಗಾಗಿಯೇ ಹುಟ್ಟಿದ ಯಂತ್ರ ಧ್ವನಿಯದಲ್ಲ, ಉಸಿರಿನದು: 1960ರ ಸುಮಾರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ರೋಗಿಗಳಿಗಾಗಿ ರೆಜ್ ಮೇಲಿಂಗ್ ರೂಪಿಸಿದ ‘ಪಾಸಮ್’. ನಳಿಗೆಯೊಂದನ್ನು ಊದಿ, ಹೀರಿ, ರೋಗಿಯು ದೀಪ ಹೊತ್ತಿಸಬಹುದಾಗಿತ್ತು. ಬೆರಳಚ್ಚು ಯಂತ್ರವನ್ನೂ ನಡೆಸಬಹುದಾಗಿತ್ತು. ಅದು ನಿಧಾನವಾದುದು, ಆದರೆ ಊದಿದುದನ್ನು ಹೀರಿದುದೆಂದು ತಪ್ಪಾಗಿ ತಿಳಿಯುವ ಸಂಭವ ಕಡಮೆ. ವೇಗ ಬೇರೆ, ನಂಬಿಕೆ ಬೇರೆ ಎಂಬುದು ಆಗಲೇ ಕಾಣಿಸಿತ್ತು.

1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ, ಆಂಧ್ರ ಮೂಲದ ರಾಜ್ ರೆಡ್ಡಿಯವರ ಬಳಗ ರೂಪಿಸಿದ ‘ಹಾರ್ಪಿ’ 1,011 ಪದಗಳನ್ನು ಬಲ್ಲದಾಯಿತು. ಜೇಮ್ಸ್ ಮತ್ತು ಜಾನೆಟ್ ಬೇಕರ್ ದಂಪತಿಗಳ ‘ಡ್ರ್ಯಾಗನ್ ಡಿಕ್ಟೇಟ್’ 1990ರಲ್ಲಿ ಮಾರುಕಟ್ಟೆಗೆ ಬಂದಿತು. ಇದರಲ್ಲಿ ಒಂದೊಂದು ಪದವಾದ ಮೇಲೂ ತಡೆದು ತಡೆದು ನುಡಿಯಬೇಕಾಗಿತ್ತು. 1997ರಲ್ಲಿ ಅದೇ ಸಂಸ್ಥೆಯ ‘ನ್ಯಾಚುರಲಿ ಸ್ಪೀಕಿಂಗ್’ ತಡೆಯಿಲ್ಲದೆ ಆಡಿದ ಮಾತನ್ನು ಬರೆದುಕೊಂಡಿತು. ಗಣಪತಿಯ ಕರಾರು ಈಡೇರಿತು. ಆದರೂ ಕೈ ಬಳಸಲಾಗದವರಲ್ಲಿ ಕೆಲವರು ಹಳೆಯದನ್ನೇ ಬಿಡದೆ ಹಿಡಿದುಕೊಂಡಿದ್ದರು. ಹಳೆಯದು ನಿಧಾನವಾದರೂ ಬರೆಯುವುದು, ತಿದ್ದುವುದು, ಕಡತ ತೆರೆಯುವುದು ಎಲ್ಲವನ್ನೂ ಧ್ವನಿಯಿಂದಲೇ ಮಾಡಗೊಡುತ್ತಿತ್ತು. ಹೊಸದರ ಮೊದಲ ಆವೃತ್ತಿ ಬರೆವಣಿಗೆಯಲ್ಲಿ ಚುರುಕಾದರೂ ಉಳಿದ ಕೆಲಸಗಳಿಗೆ ಕೈಯನ್ನು ನೆಚ್ಚಿತ್ತು. ಬಹುಜನರ ಪಾಲಿಗೆ ಪ್ರಗತಿಯಾದುದು ಕೆಲವರ ಪಾಲಿಗೆ ಹಿನ್ನಡೆಯಾದ ಈ ಸಂಗತಿಯನ್ನು ಯಂತ್ರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಕೂಡ ಹೇಳುವುದಿಲ್ಲ. ನಮಗೆ ಇದೇ ಮುಖ್ಯವೆಂದು ತೋರುತ್ತದೆ.

ಕಾರಣವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಯಂತ್ರವು 100 ಪದಗಳಲ್ಲಿ 95ನ್ನು ಸರಿಯಾಗಿ ಗ್ರಹಿಸುತ್ತದೆ ಎನ್ನೋಣ. ಕೇಳುವುದಕ್ಕೆ ಇದು ಒಳ್ಳೆಯ ಸಂಖ್ಯೆ. ಆದರೆ 10 ಪದಗಳ ವಾಕ್ಯವೊಂದು ಪೂರ್ತಿ ಸರಿಯಾಗಿ ಬರುವ ಸಂಭವ, ತಪ್ಪುಗಳು ಒಂದನ್ನೊಂದು ಅವಲಂಬಿಸಿಲ್ಲವೆಂದು ಭಾವಿಸಿದರೆ, 100ಕ್ಕೆ ಸುಮಾರು 60 ಮಾತ್ರ. ಕೈ ಇದ್ದವರು ಉಳಿದ ವಾಕ್ಯಗಳನ್ನು ಕ್ಷಣದಲ್ಲಿ ತಿದ್ದಿಬಿಡುತ್ತಾರೆ. ಕೈ ಇಲ್ಲದವರು ತಿದ್ದುವುದಕ್ಕೂ ಮಾತನ್ನೇ ಆಡಬೇಕು. ‘ಅಳಿಸು’ ಎಂಬ ಆಜ್ಞೆಯನ್ನೂ ಯಂತ್ರ ತಪ್ಪಾಗಿ ಕೇಳಬಹುದು, ಆ ಪದವನ್ನೇ ವಾಕ್ಯದ ನಡುವೆ ಬರೆದುಬಿಡಬಹುದು. ಮೈಕು ಒಮ್ಮೆ ತಾನಾಗಿ ಮುಚ್ಚಿಕೊಂಡಿತೆಂದರೆ ಮತ್ತೆ ತೆರೆಯುವುದಕ್ಕೆ ಪರರ ಬೆರಳು ಬೇಕು. ಇದರ ಮೇಲೆ, ಕುತ್ತಿಗೆಯ ಪೆಟ್ಟಿನಿಂದ ಎದೆಯ ಸ್ನಾಯುಗಳು ದುರ್ಬಲವಾಗಿ ಉಸಿರು ಗಿಡ್ಡವಾಗುತ್ತದೆ, ದನಿ ತಗ್ಗುತ್ತದೆ. ಯಂತ್ರ ಕಲಿತುದಾದರೋ ಬಹುಮಟ್ಟಿಗೆ ಆರೋಗ್ಯವಂತರ ಗಟ್ಟಿ ದನಿಯಿಂದ.

ಇನ್ನು ಕನ್ನಡ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡ ಲಿಪಿ ಸೇರಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇವು ಬೆರಳುಳ್ಳವರಿಗೆ ಮಾಡಿದ ಉಪಕಾರ ಸಾಮಾನ್ಯವಲ್ಲ. ಧ್ವನಿಯ ಸರದಿ ಬಂದುದು 2017ರ ಆಗಸ್ಟಿನಲ್ಲಿ. ಗೂಗಲ್ ಸಂಸ್ಥೆ ತನ್ನ ಧ್ವನಿಬರೆವಣಿಗೆಗೆ 8 ಭಾರತೀಯ ಭಾಷೆಗಳನ್ನು ಸೇರಿಸಿದಾಗ ಕನ್ನಡವೂ ಅವುಗಳಲ್ಲೊಂದಾಗಿತ್ತು. ಆದರೆ ಬರೆಸುವುದು ಬೇರೆ, ನಡೆಸುವುದು ಬೇರೆ. ತೆರೆಯ ಮೇಲಿನ ಪ್ರತಿಯೊಂದು ಗುಂಡಿಗೂ ಅಂಕಿಯೊಂದನ್ನು ಅಂಟಿಸಿ, ಆ ಅಂಕಿಯನ್ನು ನುಡಿದರೆ ಗುಂಡಿ ಒತ್ತಿದಂತಾಗುವ ಏರ್ಪಾಡುಗಳು 2018ರಲ್ಲಿ ಆಂಡ್ರಾಯ್ಡ್ ದೂರವಾಣಿಗಳಿಗೂ 2019ರಲ್ಲಿ ಆ್ಯಪಲ್ ಯಂತ್ರಗಳಿಗೂ ಬಂದವು. ಎರಡೂ ಹೊರಬಂದಾಗ ಅರ್ಥಮಾಡಿಕೊಳ್ಳುತ್ತಿದ್ದುದು ಇಂಗ್ಲಿಷಿನ ಆಜ್ಞೆಗಳನ್ನು. ಅಂದಮೇಲೆ ಕನ್ನಡಿಗನು ಕನ್ನಡದಲ್ಲಿ ಬರೆಸಿ, ಇಂಗ್ಲಿಷಿನಲ್ಲಿ ಆಳಬೇಕಾಯಿತು. ಇಂಗ್ಲಿಷು ಬಾರದ ಕೊನೆಗೌಡನ ಪಾಲಿಗೆ ಬಾಗಿಲು ಅರ್ಧವೇ ತೆರೆದಂತಾಯಿತು.

ಕನ್ನಡದೊಳಗೂ ಎಲ್ಲರ ಕನ್ನಡ ಒಂದೇ ಅಲ್ಲ. ಶಿರಸಿ ಸೀಮೆಯ ಹವ್ಯಕರು ‘ಇಲ್ಲ’ ಎಂಬುದಕ್ಕೆ ‘ಇಲ್ಲೆ’ ಎನ್ನುತ್ತಾರೆ. ಗ್ರಂಥಸ್ಥ ಕನ್ನಡವನ್ನು ಕಲಿತ ಯಂತ್ರ ಇದನ್ನು ‘ಇಲ್ಲೇ’ ಎಂದು ಬರೆದರೆ ಇಲ್ಲದುದು ಇದ್ದಂತಾಯಿತು! ಕೊನೆಗೌಡರ ಆಡುಮಾತು ಮತ್ತೊಂದು ಬಗೆಯದು. ಮನೆಯಲ್ಲಿ ಕೊಂಕಣಿಯ ಒಂದು ಬಗೆಯನ್ನಾಡುವ ಯಲ್ಲಾಪುರದ ಸಿದ್ದಿಗಳ ಕನ್ನಡ ಇನ್ನೊಂದು ಬಗೆಯದು. ದೀರ್ಘ, ಒತ್ತುಗಳ ವ್ಯತ್ಯಾಸದಿಂದಲೇ ಅರ್ಥ ಬೇರೆಯಾಗುವ ಭಾಷೆ ನಮ್ಮದು. ಉಸಿರು ಸಾಲದವನ ಬಾಯಲ್ಲಿ ‘ಕತ್ತೆ’ ‘ಕತೆ’ಯಾಗುವುದು ಸುಲಭ. ಅರ್ಥ ತಿಳಿಯದೆ ಬರೆಯಬಾರದೆಂಬ ವ್ಯಾಸರ ಕರಾರು ಇಲ್ಲಿ ನೆನಪಾಗುತ್ತದೆ. ಸಂದೇಹ ಬಂದೆಡೆ ಯಂತ್ರ ತಿರುಗಿ ಕೇಳಿದರೆ ಕೆಲಸ ತಡವಾಗಬಹುದು, ಕೆಡುವುದಿಲ್ಲ. ಕಡತ ಅಳಿಸುವಾಗಲೂ ಹಣ ಕಳುಹಿಸುವಾಗಲೂ ಇದು ಅವಶ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ದಿಕ್ಕಿನ ಕೆಲಸ ನಡೆದಿರುವುದು ಸಮಾಧಾನದ ವಿಷಯ. ಪ್ರಶಾಂತ ಕುಮಾರ ಘೋಷ್ ಅವರ ಬಳಗ ‘ರೆಸ್ಪಿನ್’ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ 9 ಭಾಷೆಗಳ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದೆ. ನರಗಳ ಕ್ಷಯದಿಂದ ಮಾತು ತೊದಲುವ ರೋಗಿಗಳ ಧ್ವನಿಯನ್ನು ನಿಮ್ಹಾನ್ಸ್ ಆಸ್ಪತ್ರೆಯೊಡನೆ ಸೇರಿ ಅಭ್ಯಾಸ ಮಾಡಿದೆ. ಹೊರದೇಶದಲ್ಲಿ 2019ರಲ್ಲಿ ಗೂಗಲ್ ಸಂಸ್ಥೆ ಪ್ರಕಟಿಸಿದ ‘ಯೂಫೋನಿಯ’ದ ಗುರಿಯೂ ತೊದಲು ನುಡಿಯೇ. ಆರೋಗ್ಯವಂತರ ಮಾತನ್ನು ಎಷ್ಟು ಕೂಡಿಹಾಕಿದರೂ ಇಂಥ ಸಂಗ್ರಹಕ್ಕೆ ಅದು ಬದಲಿಯಾಗದು.

ಕೊನೆಯದಾಗಿ ಸ್ಥಳದ ಮಾತು. ದೂರದ ಗಣಕಕ್ಕೆ ಧ್ವನಿಯನ್ನು ಕಳುಹಿಸಿ ಅಕ್ಷರವನ್ನು ತರಿಸಿಕೊಳ್ಳುವ ಯಂತ್ರ, ತಂತಿಯೋ ತರಂಗವೋ ಕಡಿದ ಗಳಿಗೆಯಲ್ಲಿ ಕಿವುಡಾಗುತ್ತದೆ. 2022ರಲ್ಲಿ ಓಪನ್ ಎ.ಐ. ಸಂಸ್ಥೆ ಬಿಡುಗಡೆ ಮಾಡಿದ ‘ವಿಸ್ಪರ್’ ಸಂಪರ್ಕವಿಲ್ಲದೆ ಮನೆಯ ಗಣಕದಲ್ಲಿಯೇ ನಡೆಯಬಲ್ಲದು, ಕನ್ನಡವನ್ನೂ ಬಲ್ಲದು. ಆದರೆ ಇಂಗ್ಲಿಷಿನಲ್ಲಿ ಅದಕ್ಕಿರುವ ನಿಖರತೆ ಕನ್ನಡದಲ್ಲಿಲ್ಲ. ಘಟ್ಟದ ಮೇಲಿನ ಊರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆ ಹಿಡಿದರೆ ವಿದ್ಯುತ್ತು ಹೋಗುತ್ತದೆ, ದೂರವಾಣಿಯ ಗೋಪುರ ಮೂಕವಾಗುತ್ತದೆ. ಹಂಚಿನ ಮೇಲೆ ಸುರಿಯುವ ನೀರಿನ ಸದ್ದಿನಲ್ಲಿ ತಗ್ಗಿದ ದನಿ ಮೈಕಿಗೆ ಮುಟ್ಟುವುದಿಲ್ಲ. ಅಂಥ ಸಂಜೆಗಳಲ್ಲಿ ಮಂಚದ ಬಳಿ ಕಿವಿಗೊಟ್ಟು ಕುಳಿತ ಮನೆಯವರೇ ಇಂದಿಗೂ ಲಿಪಿಕಾರರು.