ಆಯಿಯ ತುಕ್ಕು ಡಬ್ಬಿ

ಮೊನ್ನೆ ಪಕ್ಕದ ಮನೆ ಅತ್ತಿಗೆ ಯನ್ನ ತಾರಸಿಗೆ ಬಂದು, "ಇದೆಂತದೇ, ಬಕೆಟ್ಟಿಲಿ ಒಂದೆಲಗ!" ಹೇಳಿ ನೆಗ್ಯಾಡ್ಚು. ಅದಕ್ಕೊಂದು ಕಥೆ ಇದ್ದು.

ಅಮ್ಮಮ್ಮನ ಕಾಲದಲ್ಲಿ, ಸಿದ್ದಾಪುರ ಬದಿಯ ಯಂಗಳ ಮನೇಲಿ, ಒಂದೆಲಗ ಯಾರೂ ನೆಟ್ಟು ಬೆಳೆಸ್ತಿದ್ದಿಲ್ಲೆ. ಅಬ್ಬಿ ನೀರು ಬೀಳ ಜಾಗದಲ್ಲಿ, ತೋಟದ ಕಾದಿಗೆ ಅಂಚಲ್ಲಿ ಅದೇ ಹಬ್ಬಿಕೊಂಡು ಇರ್ತಿತ್ತು. ತಂಬ್ಳಿಗೆ ಬೇಕಾದಾಗ ಹೋಗಿ ಕೊಯ್ಕಂಡು ಬಪ್ಪದು. ಕಟ್ಟೆ ಕಟ್ಟಿ ನೆಟ್ಟಿದ್ದು ತುಳಸಿ ಒಂದೇಯ.

ಡಬ್ಬಿಲಿ ಗಿಡ ಬಂದಿದ್ದು ಆಯಿ ಕಾಲಕ್ಕೆ. ಡಾಲ್ಡಾ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿದ್ದು 1937ರಲ್ಲಿ. ಆನು ಸಣ್ಣಕಿದ್ದಾಗ ಅದರ ತಗಡಿನ ಡಬ್ಬಿ ಖಾಲಿಯಾದ್ರೂ ಬಿಸಾಕ್ತಿದ್ದಿಲ್ಲೆ. ಒಳ್ಳೆ ಡಬ್ಬಿಗೆ ಬೇಳೆ, ತಳ ತುಕ್ಕು ಹಿಡಿದಿದ್ದಕ್ಕೆ ಮಣ್ಣು. ಆಷಾಢದ ಮಳೇಲಿ, ರಾತ್ರೆ ಮಕ್ಕಗೆ ಕೆಮ್ಮು ಬಂದ್ರೆ ಲಾಟೀನು ಹಿಡ್ಕಂಡು ಹಿತ್ತಲಿಗೆ ಹೋಪಲೆ ಆಗ್ತಾ? ಅದಕ್ಕೇ ಆಯಿ ದೊಡ್ಡಪತ್ರೆ ತಂದು ಜಗಲಿ ಮೂಲೇಲಿ ಇಟ್ಟಿತ್ತು. ತುಕ್ಕಿನ ತೂತಲ್ಲಿ ನೀರು ಬಸಿದು ಹೋಗ್ತಿತ್ತು. ಆ ಗಿಡಕ್ಕೂ ಅದೇ ಬೇಕು, ನೀರು ನಿಂತ್ರೆ ಬೇರು ಕೊಳೆತ್ತು.

ದೊಡ್ಡಪತ್ರೆಯ ಮೂಲ ಆಫ್ರಿಕಾ ಕಡೆ. ಅದರ ಶಾಸ್ತ್ರೀಯ ಹೆಸರಲ್ಲಿ ಇಪ್ಪದು ಇಂಡೋನೇಷ್ಯಾದ ಅಂಬೋನ್ ದ್ವೀಪದ ಹೆಸರು. ಒಂದು ಕೊನೆ ಮುರಿದು ನೆಟ್ರೆ ಸಾಕು, ಬದುಕ್ತು. ಹಂಗಾಗಿ ಜನರ ಸಂಗಡ ಊರೂರು ತಿರುಗಿದ್ದು. ಆನು ಮದುವೆಯಾಗಿ ಯಲ್ಲಾಪುರಕ್ಕೆ ಬಪ್ಪಾಗಲೂ ಆಯಿ ಒಂದು ಕೊನೆ ಬಾಳೆಲೇಲಿ ಸುತ್ತಿ ಕೊಟ್ಟಿತ್ತು. ಒಂದೆಲಗ ಕೊಟ್ಟಿದ್ದಿಲ್ಲೆ, ಆನೂ ಕೇಳಿದ್ದಿಲ್ಲೆ. ಅದು ತೋಟದಲ್ಲಿ ಯಾವಾಗಲೂ ಇರ್ತು ಹೇಳಿ.

ಆಯಿ ಹೋದ ಮರುವರ್ಷ ತವರಿಗೆ ಹೋದ್ರೆ, ಕಾದಿಗೆ ಅಂಚು ಬೋಳು. ಕಳೆ ಔಷಧಿ ಹೊಡ್ಸಿದ್ದ. ಡಬ್ಬಿಲಿದ್ದ ದೊಡ್ಡಪತ್ರೆ ಉಳತ್ತು, ನೆಲದಲ್ಲಿದ್ದ ಒಂದೆಲಗ ಹೋತು. ಅಲ್ಲೇ ಕಾದಿಗೆ ಸಂಕದ ಮೇಲೆ ಕೂತು ಅತ್ತಿದ್ದಿ.

ಹಿತ್ತಲಿನ ಬೀಜ, ಗಿಡ ಉಳಿಸವು ಹೇಳಿ ಶಿರಸಿ ಕಡೆಯ ಹೆಂಗಸ್ರು ಸೇರಿ 2001ರಲ್ಲಿ 'ವನಸ್ತ್ರೀ' ಶುರು ಮಾಡಿದ್ದು ನಿಂಗಕ್ಕೆ ಗೊತ್ತಿದ್ದು. ಮಳೆಗಾಲದ ಹೊಸ್ತಿಲಲ್ಲಿ ಶಿರಸಿಲಿ ಅವು ನಡೆಸ ಮಲೆನಾಡು ಮೇಳಕ್ಕೆ ಹೋದವಳು, ಒದ್ದೆ ಕಾಗದದಲ್ಲಿ ಸುತ್ತಿದ ಒಂದೆಲಗದ ಬಳ್ಳಿ ತಂದಿ. ಬಣ್ಣದ ಹಳೆ ಬಕೆಟ್ಟು ಅರ್ಧಕ್ಕೆ ಕೊಯ್ಸಿ, ಕೆಳಗೆ ಎರಡೇ ತೂತು ಮಾಡಿ, ಮಣ್ಣು-ಗೊಬ್ಬರ ತುಂಬಿ ನೆಟ್ಟಿ. ಬೇರು ಆಳಕ್ಕೆ ಹೋಗ್ತಿಲ್ಲೆ, ಅಗಲ ಬೇಕು. ಅಕ್ಕಿ ತೊಳೆದ ನೀರು ದಿನಾ ಅದಕ್ಕೇ. ಗಂಟು ಮಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡ್ತು.

ಕಳೆದ ದೀಪಾವಳಿಗೆ ಅದೇ ಬಳ್ಳಿ ತವರಿಗೆ ಒಯ್ದು ಕೊಟ್ಟಿಕ್ಕಿ ಬಂದಿ. ಈ ಸಲ ಜಗಲಿ ಮೇಲೆ, ಡಬ್ಬಿಲಿ.

ಬೇಕಾದವು ಬನ್ನಿ. ಬಪ್ಪಾಗ ಒಂದು ಖಾಲಿ ಡಬ್ಬಿ ತನ್ನಿ.