ಗ್ರಾಮೀಣ ಮಹಿಳೆಯರ ಹೊಲಿಗೆ ಉದ್ಯಮ

ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲೋ ಸಣ್ಣ ಅಂಗಡಿಯಲ್ಲೋ ಒಂದೆರಡು ಹೊಲಿಗೆ ಯಂತ್ರ ಇಟ್ಟುಕೊಂಡು ನಡೆಸುವ ಸ್ವಯಂ ಉದ್ಯೋಗ. ಕರ್ನಾಟಕದಲ್ಲಿ ಇದರ ಆಧಾರ ರವಿಕೆ. ಸಿದ್ಧ ಉಡುಪು ಸಂತೆಯವರೆಗೂ ಬಂದ ಮೇಲೆ ಅಂಗಿ, ಪ್ಯಾಂಟು ಹೊಲಿಸುವವರು ಕಡಿಮೆಯಾದರು. ರವಿಕೆಗೆ ಮಾತ್ರ ಅಳತೆ ಕೊಟ್ಟು ಹೊಲಿಸುವ ರೂಢಿ ಉಳಿಯಿತು. ಅದು ಮೈಗೆ ಸರಿಯಾಗಿ ಕೂರಬೇಕು, ಉಡುವ ಸೀರೆಗೆ ಹೊಂದಬೇಕು. ಎಷ್ಟೋ ಸೀರೆಗಳ ಜೊತೆ ರವಿಕೆಯ ಬಟ್ಟೆಯೂ ಬರುತ್ತದೆ. ಫಾಲ್, ಜಿಗ್‌ಜಾಗ್, ಸೆರಗಿನ ಕುಚ್ಚು ಜೊತೆಗೆ ದೊರೆಯುವ ಕೆಲಸಗಳು. ಹೀಗೆ ಬೇಡಿಕೆ ಊರಲ್ಲೇ ಇದ್ದರೂ ಯಂತ್ರವೊಂದನ್ನು ಕೊಟ್ಟ ಮಾತ್ರಕ್ಕೆ ಜೀವನೋಪಾಯ ಕೈಗೂಡುವುದಿಲ್ಲ. ನೇರ ಹೊಲಿಗೆ ಬೇಗ ಬರುತ್ತದೆ, ಕಟಿಂಗ್ ಹಾಗಲ್ಲ. ಕಂಕುಳಲ್ಲಿ ಹಿಡಿಯುವ ಒಂದು ರವಿಕೆ ಸಾಕು, ಗಿರಾಕಿ ಮತ್ತೆ ಬರುವುದಿಲ್ಲ, ನೆರೆಮನೆಯವರೂ ಬರುವುದಿಲ್ಲ.

ತರಬೇತಿಯನ್ನು ಬ್ಯಾಂಕ್ ಸಾಲದೊಂದಿಗೆ ಜೋಡಿಸಿದ ಮಾದರಿ ಹುಟ್ಟಿದ್ದು ಇದೇ ನಾಡಿನಲ್ಲಿ. ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಕಲಿಸಿತು. ಕಲಿತು ಹೋದವರ ಬೆನ್ನು ಬಿಡದೆ ವಿಚಾರಿಸುವುದನ್ನೂ ಕ್ರಮವಾಗಿಸಿತು. ಇದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ತರಬೇತಿ ಸಂಸ್ಥೆಗಳನ್ನು ತೆರೆಸಿತು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಸೇರಿದೆ: ತರಬೇತಿಯ ದಿನಗಳಿಗೆ ತಲಾ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ, ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಅಡಮಾನವಿಲ್ಲದ ಸಾಲ. ಇವುಗಳಲ್ಲಿ ಉಪಕರಣದ ಹಣವೇ ಜನರ ಕಣ್ಣಿಗೆ ಬೀಳುತ್ತದೆ, ಆದರೆ ಕಸುಬನ್ನು ಉಳಿಸುವುದು ತರಬೇತಿಯ ನಂತರದ ಆಸರೆ. ಅನುಭವಿ ದರ್ಜಿಯ ಕೈಕೆಳಗೆ ಕೆಲವು ತಿಂಗಳು ಕಟಿಂಗ್ ಮಾಡಲು ಆಗದವಳ ಯಂತ್ರ ಬೇಗನೆ ಮೂಲೆ ಸೇರುತ್ತದೆ.

ಒಂದೇ ಊರಿನಲ್ಲಿ ಹತ್ತು ಮಂದಿ ಕಲಿತರೆ ಎಲ್ಲರಿಗೂ ಕೆಲಸ ಎಲ್ಲಿಂದ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಕ್ಕಪಕ್ಕದವರ ಪೈಪೋಟಿಯಲ್ಲಿ ಮಜೂರಿ ಇಳಿಯುತ್ತದೆ, ಉದ್ರಿ ಬೆಳೆಯುತ್ತದೆ, ನೆಂಟರಿಗೆ ಹೊಲಿದದ್ದಕ್ಕೆ ಹಣ ಕೇಳಲು ಸಂಕೋಚ. ಇದಕ್ಕೆ ಉತ್ತರ ಕಲಿಯುವವರನ್ನು ಕಡಿಮೆ ಮಾಡುವುದಲ್ಲ, ಒಟ್ಟಾಗಿ ಹಿಡಿಯಬಹುದಾದ ಕೆಲಸವನ್ನು ಅವರ ಬಳಿಗೆ ತರುವುದು. 2020ರ ಕೋವಿಡ್ ಕಾಲದಲ್ಲಿ ಸ್ವಸಹಾಯ ಸಂಘಗಳು ಭಾರಿ ಪ್ರಮಾಣದಲ್ಲಿ ಮಾಸ್ಕ್ ಹೊಲಿದುಕೊಟ್ಟವು. ದೊಡ್ಡ ಬೇಡಿಕೆ ಬಂದಾಗ ಹಳ್ಳಿಯ ಯಂತ್ರಗಳು ಪೂರೈಸಬಲ್ಲವು ಎಂಬುದಕ್ಕೆ ಅದೇ ಸಾಕ್ಷಿ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಸಿಗುವಾಗ ಮನೆಯ ಹೊಲಿಗೆ ಏಕೆ ಎಂದೂ ಕೇಳುವವರಿದ್ದಾರೆ. ಕಾರ್ಖಾನೆಯ ವಾಹನ ಊರಿಗೆ ಬರುವ ಕಡೆ, ಹೊರಗೆ ಹೋಗಬಲ್ಲವರಿಗೆ ಅದೇ ಮೇಲು ಎನ್ನಬೇಕು. ಎಳೆಮಕ್ಕಳಿರುವವರಿಗೆ, ಕಾರ್ಖಾನೆಯೇ ಇಲ್ಲದ ತಾಲ್ಲೂಕಿನವರಿಗೆ ಆ ಆಯ್ಕೆ ಇಲ್ಲ. ಅವರ ನಿಜವಾದ ಕಷ್ಟ ಋತುಮಾನದ್ದು: ಯುಗಾದಿ, ದೀಪಾವಳಿ, ಜಾತ್ರೆ, ಮದುವೆಗಳ ಮುಂಚೆ ರಾತ್ರಿಯೆಲ್ಲ ಹೊಲಿದರೂ ಮುಗಿಯದ ಕೆಲಸ, ಆಷಾಢದಲ್ಲಿ ಮದುವೆಗಳೂ ಇಲ್ಲ, ಗಿರಾಕಿಗಳೂ ಇಲ್ಲ. ಈ ಬಿಡುವನ್ನು ತುಂಬಬಲ್ಲ ಕೆಲಸ ಶಾಲೆಯಲ್ಲೇ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳು ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಕೊಟ್ಟು, ಹೊಲಿಸುವ ಖರ್ಚನ್ನು ಪೋಷಕರಿಗೆ ಬಿಡುವುದುಂಟು. ಶಾಲೆಗಳು ತೆರೆಯುವುದು ಜೂನ್ ಸುಮಾರಿಗೆ, ಆಷಾಢ ಬರುವುದೂ ಅದರ ಬೆನ್ನಿಗೇ. ಹೊಲಿಗೆಯ ವೆಚ್ಚವನ್ನು ಸರ್ಕಾರವೇ ಭರಿಸಿ ಆ ಕೆಲಸವನ್ನು ಆಯಾ ಗ್ರಾಮ ಪಂಚಾಯಿತಿಯ ಸ್ವಸಹಾಯ ಸಂಘಗಳಿಗೆ ಒಪ್ಪಿಸಿದರೆ ಆ ಬರಿಗೈ ತಿಂಗಳಲ್ಲೂ ಯಂತ್ರಗಳು ಓಡುತ್ತವೆ, ಪೋಷಕರ ಮೇಲಿನ ಖರ್ಚೂ ಇಳಿಯುತ್ತದೆ.