ರಾಯಚೂರು ಪ್ರದೇಶದಲ್ಲಿ ಹುಲ್ಲುಹಾಸು

ಹುಲ್ಲುಹಾಸು ಎಂದರೆ ನೆಲವನ್ನು ದಟ್ಟವಾಗಿ ಮುಚ್ಚುವಂತೆ ಬೆಳೆಸಿ, ಒಂದೇ ಮಟ್ಟದಲ್ಲಿ ಕತ್ತರಿಸುವ ಹುಲ್ಲಿನ ಹೊದಿಕೆ. ಆಡುಮಾತಿನಲ್ಲಿ ಇದನ್ನು ಲಾನ್ ಎನ್ನುತ್ತಾರೆ. ರಾಯಚೂರು, ದೇವದುರ್ಗ ಮತ್ತು ಮಾನ್ವಿ ಪರಿಸರದಲ್ಲಿ ಹೊಸ ಹುಲ್ಲುಹಾಸಿನ ಉಳಿವು ನಾಟಿಯ ಕಾಲ, ಹುಲ್ಲಿನ ಜಾತಿ ಹಾಗೂ ಬೇಸಿಗೆಯಲ್ಲಿ ದೊರೆಯುವ ನೀರನ್ನು ಅವಲಂಬಿಸಿದೆ.

ಮಣ್ಣು ಮತ್ತು ಹವಾಗುಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಭಾಗವು ಅರೆಶುಷ್ಕ ಪ್ರದೇಶವಾಗಿದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಲ್ಲಿ ಎರೆಮಣ್ಣು ಮತ್ತು ಕೆಂಪು ಮಸಾರಿ ಮಣ್ಣು ಎರಡೂ ಕಂಡುಬರುತ್ತವೆ. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಹುಲ್ಲಿನ ಎಳೆಯ ಬೇರುಗಳು ಹರಿಯುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಕೆಲವೆಡೆ ನೀರು ನಿಂತು ಭೂಮಿ ಸವುಳಾಗಿದೆ. ಅಂತಹ ಕಡೆ ನಾಟಿಗೆ ಮೊದಲು ಮಣ್ಣಿನ ಪರೀಕ್ಷೆ ಅಗತ್ಯ.

ಹುಲ್ಲಿನ ಆಯ್ಕೆ

ಬಿಸಿಲು ಬೀಳುವ ಸ್ಥಳಕ್ಕೆ ಗರಿಕೆ (ಸೈನೊಡಾನ್ ಡ್ಯಾಕ್ಟಿಲಾನ್) ಸೂಕ್ತ. ಉತ್ತರ ಕರ್ನಾಟಕದಲ್ಲಿ ಕರಕಿ ಎಂದು ಕರೆಯಲಾಗುವ ಈ ಹುಲ್ಲು ಹೊಲದಲ್ಲಿ ಕಳೆಯಾಗಿದ್ದರೂ, ಬರ ಮತ್ತು ತುಳಿತವನ್ನು ತಾಳಿಕೊಳ್ಳುತ್ತದೆ. ಆದರೆ ಇದು ನೆರಳಿನಲ್ಲಿ ಸೊರಗುತ್ತದೆ. ಮರಗಳ ಅಡಿಯಲ್ಲಿ ಅಗಲ ಎಲೆಯ ಬಫೆಲೊ ಹುಲ್ಲನ್ನು ಬೆಳೆಸಬಹುದಾದರೂ ಅದಕ್ಕೆ ಹೆಚ್ಚು ನೀರು ಬೇಕು.

ನೆಲದ ಸಿದ್ಧತೆ

ನೆಲವನ್ನು ಸುಮಾರು 30 ಸೆಂ.ಮೀ. ಆಳಕ್ಕೆ ಅಗೆದು, ಬೇಸಿಗೆಯ ಬಿಸಿಲಿಗೆ ಒಡ್ಡಬೇಕು. ಬಳಿಕ ನೀರುಣಿಸಿ, ಮೊಳೆತ ಕಳೆಗಳನ್ನು ಬೇರುಸಹಿತ ತೆಗೆಯಬೇಕು. ಜೇಕಿನ ಗೆಡ್ಡೆಗಳು ಉಳಿದರೆ ಹುಲ್ಲು ಹಾಸಿದ ಮೇಲೆ ಅವನ್ನು ನಿವಾರಿಸುವುದು ಕಷ್ಟ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ನೀರು ಕಟ್ಟಡದಿಂದ ದೂರ ಹರಿಯುವಂತೆ ಅಲ್ಪ ಇಳಿಜಾರು ಕೊಡಲಾಗುತ್ತದೆ.

ನಾಟಿಯ ವಿಧಾನಗಳು

ನೈಋತ್ಯ ಮುಂಗಾರಿನ ಜುಲೈ–ಸೆಪ್ಟೆಂಬರ್ ಅವಧಿ ನಾಟಿಗೆ ಯೋಗ್ಯ.

* ಬೇರು ನಾಟಿ: ಗಿಣ್ಣುಗಳಿರುವ ಗರಿಕೆಯ ತುಂಡುಗಳನ್ನು 10–15 ಸೆಂ.ಮೀ. ಅಂತರದಲ್ಲಿ ನೆಡುವುದು. ವೆಚ್ಚ ಕಡಿಮೆ, ನೆಲ ಮುಚ್ಚಲು ಕೆಲವು ತಿಂಗಳು ಹಿಡಿಯುತ್ತದೆ.
* ಹುಲ್ಲಿನ ಪಟ್ಟಿ: ಮಣ್ಣುಸಹಿತ ಕತ್ತರಿಸಿ ತಂದ ಪಟ್ಟಿಗಳನ್ನು ಇಟ್ಟಿಗೆ ಕಟ್ಟುವಂತೆ ಸಂದುಗಳು ಒಂದೇ ಸಾಲಿಗೆ ಬರದ ಹಾಗೆ ಹಾಸುವುದು. ಸಂದುಗಳಿಗೆ ಸಣ್ಣ ಮಣ್ಣು ತುಂಬಿ, ರೋಲರ್ ಉರುಳಿಸಿ, ಕೂಡಲೇ ನೀರುಣಿಸಬೇಕು. ತಂದ ಪಟ್ಟಿಗಳನ್ನು ರಾಶಿ ಹಾಕಿಟ್ಟರೆ ಹುಲ್ಲು ಬೆಂದು ಹಳದಿಯಾಗುತ್ತದೆ.

ಆರೈಕೆ

ಬೇರು ಹಿಡಿಯುವವರೆಗೆ, ಅಂದರೆ ಸುಮಾರು ಎರಡು–ಮೂರು ವಾರ, ಮಣ್ಣು ಒಣಗದಂತೆ ನೋಡಿಕೊಂಡು ಓಡಾಟವನ್ನು ತಡೆಯಬೇಕು. ಪಟ್ಟಿಯ ಅಂಚನ್ನು ಮೆಲ್ಲಗೆ ಎಳೆದಾಗ ಮೇಲೇಳದಿದ್ದರೆ ಬೇರು ಇಳಿದಿದೆ ಎಂದರ್ಥ. ಅನಂತರ ನೀರುಣಿಸುವ ಅಂತರವನ್ನು ಹೆಚ್ಚಿಸಿ, ಪ್ರತಿ ಬಾರಿ ಆಳಕ್ಕೆ ಇಳಿಯುವಷ್ಟು ನೀರು ಕೊಡಬೇಕು. ಹುಲ್ಲು 5–6 ಸೆಂ.ಮೀ. ಬೆಳೆದಾಗ ಮೊದಲ ಕತ್ತರಿಕೆ ಮಾಡಲಾಗುತ್ತದೆ. ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು.

ನೀರಿನ ಬಳಕೆ

ಒಂದು ಚದರ ಮೀಟರಿಗೆ 1 ಮಿ.ಮೀ. ನೀರು ಎಂದರೆ 1 ಲೀಟರ್. ಈ ಲೆಕ್ಕದಂತೆ 100 ಚದರ ಮೀಟರ್ ಹುಲ್ಲುಹಾಸಿಗೆ ವಾರಕ್ಕೆ 25 ಮಿ.ಮೀ. ನೀರುಣಿಸಲು 2,500 ಲೀಟರ್ ಬೇಕು. ಆದ್ದರಿಂದ ಬೇಸಿಗೆಯಲ್ಲಿ ಲಭ್ಯವಿರುವ ನೀರಿಗೆ ಅನುಗುಣವಾಗಿ ಹಾಸಿನ ವಿಸ್ತೀರ್ಣವನ್ನು ನಿರ್ಧರಿಸುವುದು ಸೂಕ್ತ. ಚೆನ್ನಾಗಿ ಬೇರೂರಿದ ಗರಿಕೆ ನೀರಿನ ಕೊರತೆಯಿಂದ ಕಂದು ಬಣ್ಣಕ್ಕೆ ತಿರುಗಿದರೂ, ನೆಲದೊಳಗಿನ ಕಾಂಡಗಳು ಜೀವಂತವಾಗಿದ್ದರೆ ಮಳೆಗಾಲದಲ್ಲಿ ಮತ್ತೆ ಚಿಗುರುತ್ತದೆ. ಹೀಗೆ ಒಣಗಿ ಕಾಣುವ ಹಾಸನ್ನು ಮಳೆಗೆ ಮೊದಲೇ ಕಿತ್ತುಹಾಕುವ ಅಗತ್ಯವಿಲ್ಲ.